ಮಲ್ಲಯ್ಯನ ದಾರಿಯಲ್ಲಿ ಓಡಬೇಡಿ

ಶ್ರೀಶೈಲದ ಮಲ್ಲಿಕಾರ್ಜುನನ, ಅಂದರೆ ನಮ್ಮ ಮಲ್ಲಯ್ಯನ ಗುಡಿಗೆ ಯುಗಾದಿ ಪಾದಯಾತ್ರೆ ಮುಗಿಸಿದ ಹುಡುಗರ ಒಂದು ವಿಡಿಯೊ ಈಗಷ್ಟೇ ನೋಡಿದೆ. "ಹ್ವಾದ ವರ್ಷಕ್ಕಿಂತ ಎರಡು ದಿನ ಕಮ್ಮಿ" ಅಂತ ಎದೆ ತಟ್ಟಿಕೊಂಡಿದ್ದಾರೆ. ಕೆಳಗೆ ಶಹಬ್ಬಾಸ್ ಅಂದವರಿಗೆ ಲೆಕ್ಕವಿಲ್ಲ. ಊರು ಬಿಟ್ಟಾಗ ಜೊತೆಗೆ ಎಷ್ಟು ಮಂದಿ ಇದ್ದರು, ಅವರಲ್ಲಿ ಒಟ್ಟಿಗೆ ಗುಡ್ಡ ಹತ್ತಿದವರು ಎಷ್ಟು ಮಂದಿ ಅಂತ ಮಾತ್ರ ಯಾರೂ ಕೇಳಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಬಾಗಲಕೋಟೆ, ವಿಜಯಪುರ ಕಡೆಯಿಂದ ಹೊರಟರೆ ಹತ್ತು-ಹನ್ನೆರಡು ದಿನದ ದಾರಿ. ಇಷ್ಟು ದೂರದ ನಡಿಗೆಯಲ್ಲಿ ಗುಂಪಿನ ವೇಗ ಅಂದರೆ ಆ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ವೇಗ. ಮೊಣಕಾಲು ನೋವಿನ ಅವ್ವ, ಕಂಬಿ ಅಂದರೆ ಕಾವಡಿ ಹೊತ್ತ ಕಾಕಾ, ಹರಕೆ ಹೊತ್ತು ಮರಗಾಲು ಕಟ್ಟಿಕೊಂಡವರು, ಇವರು ಮುಂದೆ. ಗಟ್ಟಿಮುಟ್ಟಾದ ಹುಡುಗರು ಹಿಂದೆ. ಇದನ್ನು ತಿರುಗಾಮುರುಗಾ ಮಾಡಿದರೆ ಎರಡನೇ ದಿನಕ್ಕೇ ಗುಂಪು ಹರಿದು ಮೂರು ತುಂಡು. ಮುಂದಿನವರು ನೆರಳಲ್ಲಿ ಕೂತು ಕಾಯುತ್ತಾರೆ, ಹಿಂದಿನವರು ಬಂದು ಮುಟ್ಟುತ್ತಿದ್ದಂತೆ ಎದ್ದು ಹೊರಡುತ್ತಾರೆ. ವಿಶ್ರಾಂತಿ ಬೇಕಾದವರಿಗೇ ವಿಶ್ರಾಂತಿ ಸಿಗುವುದಿಲ್ಲ.

ಓಡಿದರೆ ದಿನ ಉಳಿಯುತ್ತದೆ ಅನ್ನುವುದೂ ಸುಳ್ಳು. ಕರ್ನೂಲು ಬಯಲಿನ ಯುಗಾದಿ ಬಿಸಿಲು ಗೊತ್ತಿದ್ದವರು ನಸುಕಿನ ಮೂರಕ್ಕೆ ಎದ್ದು ನಡೆದು, ಹತ್ತರೊಳಗೆ ಗುಡಿಯೋ ಶಾಲೆಯೋ ಸಿಕ್ಕಲ್ಲಿ ಬಿಡಾರ ಮಾಡಿ, ಸಂಜೆ ನಾಲ್ಕರ ಮೇಲೆ ಮತ್ತೆ ಹೆಜ್ಜೆ ಹಾಕುತ್ತಾರೆ. ಹೀಗೆ ದಿನಕ್ಕೆ 35 ಕಿಲೋಮೀಟರ್ ಆದರೆ ಬೇಕಾದಷ್ಟಾಯಿತು. 50-60 ಹೊಡೆಯುವವರು ಮಧ್ಯಾಹ್ನದ ಡಾಂಬರಿನ ಮೇಲೂ ನಡೆಯಲೇಬೇಕು. ಮೂರನೇ ದಿನ ಅಂಗಾಲಲ್ಲಿ ಗುಳ್ಳೆ, ತೊಡೆ ಸಂದಿಯಲ್ಲಿ ಹುಣ್ಣು, ಮೀನಖಂಡ ಹಿಡಿದು ಕಲ್ಲಾಗುತ್ತದೆ. ಉಳಿಸಿದ ದಿನವೆಲ್ಲ ಅಲ್ಲೇ ಖರ್ಚು. ಕೊನೆಗೆ ಕಾಡಿನಂಚಿನ ಆತ್ಮಕೂರಿಗೆ ಬಸ್ಸು.

ಈಗ ಗುಳ್ಳೆಯನ್ನೇ ನೋಡಿ. ಹಿಮ್ಮಡಿಯ ತಳ ತನಗೆ ತಾನೇ ಕಾಣುವುದಿಲ್ಲ, ಇನ್ನೊಬ್ಬರು ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡೇ ನೋಡಬೇಕು. ಸಣ್ಣದಿದ್ದರೆ ಮುಟ್ಟಬಾರದು, ಮೇಲೆ ಪಟ್ಟಿ ಹಚ್ಚಿದರೆ ಸಾಕು. ದೊಡ್ಡದಾಗಿ ಬಿಗಿದು ನಡೆಯಲಿಕ್ಕೇ ಆಗದಿದ್ದರೆ ಕೈ ತೊಳೆದು, ಸೂಜಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಗುಳ್ಳೆಯ ಅಂಚಿನಲ್ಲಿ ಎರಡು ಕಡೆ ಚುಚ್ಚಿ, ಹತ್ತಿಯಿಂದ ಮೆಲ್ಲಗೆ ಒತ್ತಿ ನೀರು ತೆಗೆಯಬೇಕು. ಮೇಲಿನ ಚರ್ಮ ಕೀಳಲೇಬಾರದು, ಒಳಗಿನ ಹಸಿ ಮಾಂಸಕ್ಕೆ ಅದೇ ಹೊದಿಕೆ. ಸೂಜಿಗೆ ದಾರ ಪೋಣಿಸಿ ಗುಳ್ಳೆಯೊಳಗೇ ಬಿಡುವ ರೂಢಿ ಇದೆಯಲ್ಲ, ದಯವಿಟ್ಟು ಬಿಟ್ಟುಬಿಡಿ. ಆ ದಾರದ ಗುಂಟ ರಸ್ತೆಯ ಹೊಲಸು ಒಳಗೆ ಹೋಗಿ ಕೀವು ಕಟ್ಟುತ್ತದೆ. ಸಕ್ಕರೆ ಕಾಯಿಲೆ ಇದ್ದವರಂತೂ ಸೂಜಿಯನ್ನೇ ಮುಟ್ಟದೆ ಡಾಕ್ಟರಿಗೆ ತೋರಿಸಬೇಕು. ಇಷ್ಟೆಲ್ಲ ಸಮಾಧಾನದಿಂದ ಮಾಡಲು ಎದುರಿಗೆ ಒಬ್ಬರು ಕೂರಬೇಕು. ನಿನ್ನೆವರೆಗೆ ಹೆಸರೂ ಗೊತ್ತಿಲ್ಲದವರು ಇವತ್ತು ನಿಮ್ಮ ಪಾದ ಹಿಡಿದಿರುತ್ತಾರೆ. ದಿನ ಎಣಿಸುತ್ತ ಓಡುವವನಿಗೆ ಅಂಥವರು ಸಿಗುವುದು ಹೇಗೆ?

ನೀರಿನದೂ ಹೀಗೆಯೇ. ಬೆವರಿನಲ್ಲಿ ಉಪ್ಪು ಹರಿದುಹೋಗಿರುವಾಗ ಬರೀ ನೀರು ಕುಡಿಯುತ್ತಲೇ ಇದ್ದರೆ ತಲೆ ಸುತ್ತು, ವಾಂತಿ. ದಾರಿಯುದ್ದಕ್ಕೂ ದಾಸೋಹದವರು ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಇಟ್ಟಿರುತ್ತಾರೆ. ಒಂದು ಗಳಿಗೆ ಕೂತು ಕುಡಿಯಿರಿ. ಓಆರ್‌ಎಸ್‌ನ ಒಂದು ಲೀಟರಿನ ಪೊಟ್ಟಣ ಇದ್ದರೆ ಪೂರ್ತಿ ಒಂದು ಲೀಟರ್ ನೀರಿಗೇ ಕಲಸಬೇಕು. ಅವಸರದಲ್ಲಿ ಅರ್ಧ ಲೀಟರಿನ ಬಾಟಲಿಗೆ ಪೂರ್ತಿ ಸುರಿದರೆ ಉಪ್ಪು ಹೆಚ್ಚಾಗಿ ಇನ್ನಷ್ಟು ತೊಂದರೆ. ಜೊತೆಯವರ ಮಾತು ತೊದಲಿದರೆ, ಬೆವರು ನಿಂತು ಮೈ ಸುಡತೊಡಗಿದರೆ ಅದು ಬಿಸಿಲು ಬಡಿದ ಲಕ್ಷಣ. ತಕ್ಷಣ ನೆರಳಿಗೆ ಒಯ್ದು, ಮೈ ಒದ್ದೆ ಮಾಡಿ ಗಾಳಿ ಹಾಕಿ ಆಸ್ಪತ್ರೆಗೆ ಸಾಗಿಸಬೇಕು. ಅದು ತನಗೆ ತಾನೇ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ನಡೆಯುವವರ ಕಣ್ಣಿಗೇ ಬೀಳಬೇಕು.

ಇನ್ನು ಶ್ರೀಶೈಲಕ್ಕೆ ಮುಂಚೆ ಸಿಗುವ ನಲ್ಲಮಲ ಕಾಡು. ವೆಂಕಟಾಪುರ ದಾಟಿ ನಾಗಲೂಟಿ ವೀರಭದ್ರ, ಅಲ್ಲಿಂದ ಪೆದ್ದಚೆರುವು, ಭೀಮುನಿ ಕೊಲನು, ಕಡೆಗೆ ಕೈಲಾಸದ್ವಾರ. ಹುಲಿ ಮೀಸಲು ಅರಣ್ಯ ಇದು, ಶಿವರಾತ್ರಿ, ಯುಗಾದಿಗೆ ಪಾದಯಾತ್ರಿಗಳಿಗೆಂದು ದಾರಿ ಬಿಡುತ್ತಾರೆ. 14ನೇ ಶತಮಾನದಲ್ಲಿ ರೆಡ್ಡಿ ಅರಸ ಪ್ರೋಲಯ ವೇಮ ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ್ದೂ ನಡೆದು ಬರುವವರಿಗಾಗಿಯೇ. ಕಾಡಿನೊಳಗೆ ಬಹಳ ಕಡೆ ಫೋನು ಹತ್ತುವುದಿಲ್ಲ. ಭೀಮುನಿ ಕೊಲನಿನ ಕಣಿವೆಗೆ ಇಳಿಯುವಾಗ ಮೊಣಕಾಲು ನಡುಗುತ್ತದೆ, ಇಳಿದ ಕೂಡಲೇ ಕಡಿದಾದ ಮೆಟ್ಟಿಲ ಏರು. ಇಲ್ಲಿಗೆ ಕೈಯಲ್ಲೊಂದು ಕೋಲು ಬೇಕು, ಒಬ್ಬೊಬ್ಬರಿಗೆ ಮೂರು ಲೀಟರ್ ನೀರು ಬೇಕು, ಬೆಳಗಾಗುವಾಗಲೇ ಕಾಡು ಹೊಗಬೇಕು. ಮುಂದೊಬ್ಬ, ಕಟ್ಟಕಡೆಗೊಬ್ಬ ದಾರಿ ಬಲ್ಲವರು. ನಿಂತಲ್ಲೆಲ್ಲ ತಲೆ ಎಣಿಕೆ. ಯಾರಾದರೂ ಬಹಿರ್ದೆಸೆಗೆ ಅಂತ ದಾರಿ ಬಿಟ್ಟರೆ ಅವರು ಬರುವತನಕ ಇಬ್ಬರು ಅಲ್ಲೇ ನಿಲ್ಲಬೇಕು, ದಾರಿ ತಪ್ಪಲು ಅಷ್ಟು ಹೊತ್ತು ಸಾಕು. ಬೀಡಿ ಬೇಡ, ಪ್ಲಾಸ್ಟಿಕ್ ಬೇಡ. ಆ ಹೊತ್ತಿಗೆ ನೆಲವೆಲ್ಲ ಒಣಗಿದ ತರಗೆಲೆ.

"ರಜೆ ಸಿಗೋದಿಲ್ರೀ, ನಾಕೇ ದಿನ ಐತಿ, ಓಡದಿದ್ರ ಹ್ಯಾಂಗ?" ಅಂತ ಕೇಳುವವರಿದ್ದಾರೆ. ನಾಲ್ಕೇ ದಿನ ಇದ್ದರೆ ಆತ್ಮಕೂರಿನವರೆಗೆ ಬಸ್ಸಿಗೆ ಬನ್ನಿ, ಅಲ್ಲಿಂದ ನಡೆಯಿರಿ. ಊರ ಬಾಗಿಲಿಂದಲೇ ನಡೆಯಬೇಕೆಂದು ಮಲ್ಲಯ್ಯ ಹಟ ಹಿಡಿದಿಲ್ಲ. ಹಿಂದೆ ಬಿದ್ದ ಮುದುಕಿಯನ್ನು ಬಿಟ್ಟು ಬಾ ಅಂತಲೂ ಅವನು ಹೇಳಿಲ್ಲ. ಮಲ್ಲಯ್ಯನ ಮಡದಿ ಭ್ರಮರಾಂಬೆ ನಮ್ಮ ಮನೆಮಗಳು ಅಂತ ಸೀರೆ, ಅರಿಶಿನ-ಕುಂಕುಮ ಹೊತ್ತು ಹೋಗುವ ಜನ ನಾವು. ಮಗಳ ಮನೆಗೆ ಹೋಗುವಾಗ ಅವ್ವನನ್ನೇ ದಾರಿಯಲ್ಲಿ ಬಿಟ್ಟು ಓಡುತ್ತಾರೆಯೇ?

ಒಬ್ಬರೇ ಹೊರಟವರಿಗೂ ಜೊತೆ ಸಿಗದೆ ಇರುವುದಿಲ್ಲ. ಬಿಡಾರದಲ್ಲಿ ಮಾತಿನ ಧಾಟಿಯಿಂದಲೇ ನಮ್ಮ ಸೀಮೆಯವರು ಗೊತ್ತಾಗುತ್ತಾರೆ. ಹೆಂಗಸರು, ಹಿರಿಯರು ಇರುವ ಗುಂಪು ನೋಡಿ, "ನಾನೂ ನಿಮ್ಮ ಜೋಡಿ ಬರ್ತೀನ್ರಿ" ಅನ್ನಿ. ಸೇರಿದ ಮೇಲೆ ಪಾತ್ರೆ ತೊಳೆಯಿರಿ, ಕಂಬಿಗೆ ಹೆಗಲು ಕೊಡಿ, ನಸುಕಿನ ಕತ್ತಲಲ್ಲಿ ರಸ್ತೆಯ ಬಲಬದಿಗೆ, ಎದುರಿನ ಗಾಡಿ ಕಾಣುವಂತೆ, ಬ್ಯಾಟರಿ ಹಿಡಿದು ನಡೆಯಿರಿ. ಮನೆಯವರ ಫೋನ್ ನಂಬರು, ರಕ್ತದ ಗುಂಪು, ದಿನಾ ನುಂಗುವ ಮಾತ್ರೆಯ ಹೆಸರು ಎರಡು ಚೀಟಿಯಲ್ಲಿ ಬರೆಯಿರಿ. ಬೆವರಿಗೆ ಅಕ್ಷರ ಅಳಿಸದಂತೆ ಬಾಲ್ ಪೆನ್ನಲ್ಲೇ ಬರೆಯಿರಿ. ಒಂದು ಚೀಟಿ ನಿಮ್ಮ ಅಂಗಿಯ ಜೇಬಿನಲ್ಲಿರಲಿ, ಇನ್ನೊಂದನ್ನು ಕಾಡು ಹೊಗುವ ಮೊದಲು ಗುಂಪಿನ ಹಿರಿಯರ ಕೈಗೆ ಕೊಡಿ.