ರಾತ್ರಿ ಎರಡಕ್ಕೆ ಕರೆಂಟು, ಜೊತೆಗೆ ಹಾವು

ಮತ್ತೆ ಅದೇ ವಿಡಿಯೋ ಬಂದಿದೆ. ನೀವೂ ನೋಡಿರುತ್ತೀರಿ. ಹಾವು ಕಚ್ಚಿಸಿಕೊಂಡವನು ಅದೇ ಹಾವನ್ನು ನೀರಿನ ಬಾಟಲಿಯಲ್ಲಿ ತುಂಬಿಕೊಂಡು ಆಸ್ಪತ್ರೆಗೆ ಬಂದಿದ್ದಾನೆ. ನಮ್ಮ ಮನೆ ಗ್ರೂಪಿಗೆ ಬೆಳಗಿನಿಂದ ಹನ್ನೊಂದು ಸಲ ಬಂತು. ಎಲ್ಲರದೂ ಒಂದೇ ಮಾತು, "ಗಂಡಸಂದ್ರ ಇಂವಾ ನೋಡ್ರಿ!"

ನಾನು ಮೆಚ್ಚಿದ್ದು ಬಾಟಲಿ ಕೆಲಸವನ್ನು. ಡಬ್ಬಿಯಿಂದ ಬಾಟಲಿಗೆ ಎಣ್ಣೆ ಹಾಕುವಾಗ ನಾನು ಅರ್ಧ ಕಟ್ಟೆ ಮೇಲೆ ಚೆಲ್ಲುತ್ತೇನೆ. ಈತ ಕಚ್ಚಿದ ಕಾಲಲ್ಲೇ ನಿಂತು, ಅಷ್ಟು ಸಣ್ಣ ಬಾಯಿಗೆ ಹಾವಿನ ತಲೆ ಹೊಂದಿಸಿ, ಮುಚ್ಚಳ ಬಿಗಿದು, ಪಾಪ, ಅದಕ್ಕೆ ಗಾಳಿ ಆಡಲಿ ಅಂತ ಎರಡು ತೂತನ್ನೂ ಕೊರೆದಿದ್ದಾನೆ. ಅಷ್ಟು ಹೊತ್ತಿಗೆ ಹುಬ್ಬಳ್ಳಿಗೆ ಅರ್ಧ ದಾರಿ ಬಂದಿರುತ್ತಿದ್ದ. ಡಾಕ್ಟರಿಗೆ ಹಾವು ಬೇಕಾಗಿಯೇ ಇಲ್ಲ ಕಣ್ರೀ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ನಾಲ್ಕಕ್ಕೂ ನಮ್ಮಲ್ಲಿ ಇರುವುದು ಒಂದೇ ಔಷಧ. ಅವರು ನೋಡುವುದು ನಿಮ್ಮ ಕಣ್ಣಿನ ರೆಪ್ಪೆ ಜೋಲುತ್ತಿದೆಯಾ, ಗಾಜಿನ ಟ್ಯೂಬಿನಲ್ಲಿಟ್ಟ ರಕ್ತ 20 ನಿಮಿಷಕ್ಕೆ ಹೆಪ್ಪುಗಟ್ಟಿತಾ ಅಂತ. ಬಾಟಲಿ ನೋಡಿ ಓಡುವುದು ನರ್ಸಮ್ಮ ಮಾತ್ರ.

ಇನ್ನು ಊರಿನ ಪರೀಕ್ಷಾ ಮಂಡಳಿ. ಕಚ್ಚಿಸಿಕೊಂಡವನ ಬಾಯಿಗೆ ಮೊದಲು ಮೆಣಸಿನಕಾಯಿ. ಖಾರ ಹತ್ತಿದರೆ ಪಾಸು, ಹತ್ತದಿದ್ದರೆ ವಿಷ ಏರಿದೆ. ಹಾವೇರಿ ಕಡೆ ಈ ಪರೀಕ್ಷೆಗೆ ಬ್ಯಾಡಗಿ ಮೆಣಸಿನಕಾಯಿ ಕೊಟ್ಟರೆ ಗತಿ ಏನು? ಅದಕ್ಕೆ ಹೆಸರು ಬಂದದ್ದೇ ಬಣ್ಣದಿಂದ, ಖಾರದಿಂದ ಅಲ್ಲ. ಇಡೀ ಜಿಲ್ಲೆಯೇ ಫೇಲ್! ಆಮೇಲೆ "ಕಟ್ರಲೇ, ಗಟ್ಟಿ ಕಟ್ರೀ" ಅಂತ ಟವೆಲ್ಲು. ಕಾಲು ನೀಲಿಯಾದರೂ ಬಿಚ್ಚುವುದಿಲ್ಲ. ಆಮೇಲೆ ಬ್ಲೇಡು. ಆಮೇಲೆ ಮಂತ್ರದವನು. ವಿಷವೇ ಇಲ್ಲದ ಕೇರೆಹಾವು ಕಚ್ಚಿದವರನ್ನೆಲ್ಲ ಅವನು ಉಳಿಸಿದ್ದಾನೆ, ಒಂದೂ ಕೇಸು ತಪ್ಪಿಲ್ಲ.

ನಿಜವಾದ ಪ್ರಥಮ ಚಿಕಿತ್ಸೆಯಲ್ಲಿ ಶೂರತನವೇ ಇಲ್ಲ. ಧೈರ್ಯ ಹೇಳಿ ಮಲಗಿಸು. ಉಂಗುರ, ಬಳೆ, ಕಾಲುಂಗುರ ಬಿಚ್ಚು. ಮೂಳೆ ಮುರಿದವರಿಗೆ ಮಾಡುವ ಹಾಗೆ ಒಂದು ಕಟ್ಟಿಗೆ ಪಟ್ಟಿ ಇಟ್ಟು ಕಾಲು ಅಲ್ಲಾಡದಂತೆ ಸಡಿಲವಾಗಿ ಸುತ್ತು. ನಡೆಸಬೇಡ. 108ಕ್ಕೆ ಫೋನ್ ಹಚ್ಚು. ಇದನ್ನು ವಿಡಿಯೋ ಮಾಡಿದರೆ ಯಾರು ನೋಡ್ತಾರೆ ಹೇಳಿ.

ಹಾವು ಕಚ್ಚದಂತೆ ಏನು ಮಾಡಬೇಕು ಅನ್ನುವುದಕ್ಕೂ ಸರ್ಕಾರದ ಪೋಸ್ಟರ್ ಇದೆ. ಕತ್ತಲಲ್ಲಿ ಹೊಲಕ್ಕೆ ಹೋಗಬೇಡಿ, ಹೋದರೆ ಗಮ್‌ಬೂಟು ಹಾಕಿ. ಬರೆದ ಸಾಹೇಬರು ಮಳೆಯಾದ ಮೇಲೆ ನವಲಗುಂದದ ಎರೆ ಹೊಲಕ್ಕೊಮ್ಮೆ ಬರಬೇಕು. ನಾಲ್ಕನೇ ಹೆಜ್ಜೆಗೆ ಬೂಟು ಮಣ್ಣಲ್ಲೇ ಉಳಿದು, ಕಾಲೊಂದೇ ಮೇಲೆ ಬರುತ್ತದೆ.

ಇರಲಿ, ಬೂಟು ಬಿಡಿ. ಕತ್ತಲಲ್ಲಿ ಯಾಕೆ ಹೋಗ್ತಾರೆ? ಹವಾ ತಿನ್ನೋಕಾ? ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಕೊಡುವುದೇ ದಿನಕ್ಕೆ 7 ತಾಸು. ಅದರಲ್ಲೂ ರಾತ್ರಿ ಪಾಳಿ. ಒಂದು ಇಲಾಖೆ ರಾತ್ರಿ ಹೋಗಬೇಡಿ ಅನ್ನುತ್ತದೆ, ಇನ್ನೊಂದು ರಾತ್ರಿ ಎರಡಕ್ಕೆ ಬಾ ಅನ್ನುತ್ತದೆ. 2023ರಲ್ಲಿ ವಿಜಯಪುರ ಜಿಲ್ಲೆಯ ರೋಣಿಹಾಳದ ರೈತರು ಹೊಲಕ್ಕೆ ಬಂದ ಮೊಸಳೆಯನ್ನೇ ಟ್ರ್ಯಾಕ್ಟರಿಗೆ ಹಾಕಿಕೊಂಡು ಹೋಗಿ ಕರೆಂಟ್ ಆಫೀಸಿನ ಮುಂದೆ ಇಳಿಸಿದ್ದು ಇದೇ ಸಿಟ್ಟಿಗೆ. ನಾವು ನಕ್ಕು ಫಾರ್ವರ್ಡ್ ಮಾಡಿದೆವು. ಮೊಸಳೆಯನ್ನು ಅರಣ್ಯ ಇಲಾಖೆಯವರು ಒಯ್ದರು.

2024ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಒಳ್ಳೆಯದೇ. 2030ರೊಳಗೆ ಸಾವು ಅರ್ಧಕ್ಕೆ ಇಳಿಸುತ್ತೇವೆ ಅಂತ ದಿಲ್ಲಿಯಿಂದ ಯೋಜನೆಯೂ ಬಂತು. ಅದರ ಒಂದು ಪ್ರತಿ ಕರೆಂಟ್ ಆಫೀಸಿಗೆ ಕಳಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲವಾ? ಹಗಲು ಏಳು ತಾಸು ಕೊಡಿ ಅಂತ ಕೇಳಿ ಕೇಳಿ ಜನರ ಗಂಟಲು ಹೋಗಿದೆ. ಸತ್ತವರನ್ನು ಎಣಿಸೋಕೆ ಫಾರ್ಮು ಬೇಗ ಪ್ರಿಂಟ್ ಆಗುತ್ತದೆ.

ಇದನ್ನು ಬರೆಯುವ ಹೊತ್ತಿಗೆ ಪಕ್ಕದ ಮನೆ ಬಾಗಿಲು ಸದ್ದಾಯಿತು. ಕಾಕಾ ಟವೆಲ್ ಸುತ್ತಿಕೊಂಡು ಹೊರಟಿದ್ದರು, ಹವಾಯಿ ಚಪ್ಪಲಿಯಲ್ಲಿ.

"ಬ್ಯಾಟರಿ ತಗೊಂಡೀರೇನ್ರಿ ಕಾಕಾ?"

"ಮೊಬೈಲ್‌ನಾಗ ಐತಲ್ಲೋ ತಮ್ಮಾ" ಅಂದು ತೋರಿಸಿದರು. ಚಾರ್ಜು ನಾಲ್ಕು ಪರ್ಸೆಂಟ್ ಇತ್ತು.