ಗೋಬಿ ಕೆಂಪಗೇ ಇರಬೇಕಾ?

2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಬಂತು. ಜೂನ್‌ನಲ್ಲಿ ಕಬಾಬ್‌ಗೂ ಬಂತು. ಪರೀಕ್ಷೆ ಮಾಡಿದ 171 ಗೋಬಿ ಸ್ಯಾಂಪಲ್‌ಗಳಲ್ಲಿ 107ರಲ್ಲಿ ಹಾಕಬಾರದ ಬಣ್ಣ ಸಿಕ್ಕಿತ್ತು, ಹಾಗಾಗಿ ಆದೇಶದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಗಾಡಿಯವನಿಗೆ "ಅದು ಬೇಡ, ಇದನ್ನು ಹಾಕು" ಅಂತ ಯಾರಾದರೂ ಹೇಳಬೇಕಿತ್ತು, ಅಲ್ವಾ? ಅದು ಮಾತ್ರ ನನ್ನ ಕಿವಿಗೆ ಬೀಳಲೇ ಇಲ್ಲ.

ಹೇಳೋಕೆ ಒಂದು ಗಿಡ ಇತ್ತು. ರಂಗುಮಾಲೆ. ಇಂಗ್ಲಿಷಿನವರ ಅನಾಟೊ.

ಆಳಿಗಿಂತ ಎತ್ತರ ಬೆಳೆಯುವ ಪೊದೆ, ತಿಳಿಗುಲಾಬಿ ಹೂವು. ಹೂವು ಉದುರಿದ ಮೇಲೆ ಮೈತುಂಬ ಮೆತ್ತನೆ ಮುಳ್ಳಿರುವ ಕೆಂಪು ಕಾಯಿ ಬಿಡುತ್ತದೆ. ಅದು ಒಣಗಿ ಎರಡು ಹೋಳಾಗಿ ಬಿರಿದಾಗ ಒಳಗಿನ ಬೀಜ ಮುಟ್ಟಿ ನೋಡಿ, ಬೆರಳೆಲ್ಲ ಕುಂಕುಮ ಮೆತ್ತಿದ ಹಾಗಾಗುತ್ತದೆ. ನೀರಲ್ಲಿ ಉಜ್ಜಿದರೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ, ಕೊಬ್ಬರಿ ಎಣ್ಣೆ ಹಚ್ಚಿ ಒರೆಸಬೇಕು, ಯಾಕಂದ್ರೆ ಅದರಲ್ಲಿರುವ ಬಿಕ್ಸಿನ್ ಅನ್ನುವ ಬಣ್ಣ ಕರಗುವುದು ಎಣ್ಣೆಯಲ್ಲಿ.

ಮೂಲ ನಮ್ಮದಲ್ಲ, ಮೆಣಸಿನಕಾಯಿಯ ಹಾಗೆ ಅಮೆರಿಕ ಖಂಡದಿಂದ ಬಂದದ್ದು. ಮೆಕ್ಸಿಕೋದ ಯುಕಟಾನ್ ಕಡೆ ಇದರ ಬೀಜ ಅರೆದು ಮಾಂಸಕ್ಕೆ ಸವರಿ ಬೇಯಿಸುತ್ತಾರೆ. ಫಿಲಿಪ್ಪೀನ್ಸ್‌ನವರ ಅಡುಗೆಮನೆಯಲ್ಲೂ ಇದೆ. ನಾವು ಅಂದಕ್ಕೆ ಅಂತ ನೆಟ್ಟು, ಬೀಜ ಮಣ್ಣುಪಾಲಾಗೋಕೆ ಬಿಡುತ್ತೇವೆ. ಹಾಗಂತ ಇದನ್ನು ತಿನ್ನದವರೇನೂ ಅಲ್ಲ. ಅಂಗಡಿಯ ಹಳದಿ ಬೆಣ್ಣೆ ಪ್ಯಾಕೆಟ್ ಹಿಂದೆ ಸಣ್ಣಕ್ಷರದಲ್ಲಿ 160ಬಿ ಅಂತ ಇದ್ದರೆ ಅದು ಇದೇ. ಚೀಸ್‌ಗೂ ಹಾಕುತ್ತಾರೆ.

ಮಾಡುವುದು ಸುಲಭ. ಅರ್ಧ ಲೋಟ ಎಣ್ಣೆಗೆ ಒಂದು ಚಮಚ ಬೀಜ, ಸಣ್ಣ ಉರಿ, ಎರಡು ಮೂರು ನಿಮಿಷ, ಆಮೇಲೆ ಸೋಸಿಬಿಡಿ. ಉರಿ ಜಾಸ್ತಿ ಆದರೆ ಬೀಜ ಕಪ್ಪಾಗಿ ಎಣ್ಣೆ ಕಂದು ತಿರುಗಿ ಕಹಿಯಾಗುತ್ತದೆ, ಅದನ್ನು ಚೆಲ್ಲುವುದೇ ಸರಿ.

ಒಂದು ವಿಷಯ. ಇದರಿಂದ ಆ ಕಣ್ಣು ಕುಕ್ಕುವ ಕೆಂಪು ಬರುವುದಿಲ್ಲ, ಕಿತ್ತಳೆ ಬಣ್ಣ ಬರುತ್ತದೆ. ಕೆಂಪೇ ಬೇಕು ಅಂದರೆ ಜೊತೆಗೆ ಬ್ಯಾಡಗಿ ಮೆಣಸಿನಕಾಯಿ ಅರೆದು ಹಾಕಿ, ಅದೂ ಒಂದು ಹದದ ಕೆಂಪೇ. ಅಸಲಿ ತೊಂದರೆ ಇರುವುದು ಇಲ್ಲೇ ಅಂತ ನನಗನಿಸುತ್ತದೆ. ಹೂಕೋಸು ಬಿಳಿ, ಕೋಳಿ ಮಾಂಸವೂ ಹೆಚ್ಚುಕಮ್ಮಿ ಬಿಳಿ, ಆದರೂ ತಟ್ಟೆಗೆ ಬಂದಾಗ ಟೊಮ್ಯಾಟೊಗಿಂತ ಕೆಂಪಗಿರಬೇಕು ಅಂತ ಕೇಳುವವರು ನಾವೇ ತಾನೇ! ಪೇಲವವಾಗಿ ಕಂಡರೆ ಪಕ್ಕದ ಗಾಡಿಗೆ ಹೋಗುತ್ತೇವೆ. ಬಡಪಾಯಿ ವ್ಯಾಪಾರಿ ಏನು ಮಾಡಬೇಕು?

ಸಸ್ಯದಿಂದ ಬಂದದ್ದು ಅಂದಮಾತ್ರಕ್ಕೆ ಎಲ್ಲರಿಗೂ ಒಗ್ಗುತ್ತದೆ ಅಂತಲ್ಲ, ಅಪರೂಪಕ್ಕೆ ಕೆಲವರಿಗೆ ಇದರಿಂದಲೂ ಅಲರ್ಜಿ ಆಗುತ್ತದೆ. ಇನ್ನೊಂದು, ಮಲೆನಾಡಿನ ಕಾಡಲ್ಲಿ ಕುಂಕುಮದ ಮರ ಅಂತ ಬೇರೆಯೇ ಒಂದಿದೆ, ಅದರ ಕಾಯಿಯ ಮೇಲೂ ಕೆಂಪು ಪುಡಿ ಇರುತ್ತದೆ. ಅದು ಭೇದಿ ಮಾಡಿಸುವಂಥದ್ದು, ಅಡುಗೆಗೆ ತರಬೇಡಿ.

ಮನೆ ಹತ್ತಿರ ರಂಗುಮಾಲೆ ಇರುವವರು ಕಾಯಿ ಒಣಗಿದಾಗ ಬೀಜ ಬಿಡಿಸಿ ಸ್ಟೀಲ್ ಡಬ್ಬಿಗೆ ಹಾಕಿಡಿ. ಗಾಜಿನ ಬಾಟಲಿ ಬೇಡ, ಬೆಳಕು ತಾಗಿದರೆ ಬಣ್ಣ ಮಾಸುತ್ತದೆ.