ಲಾರ್ವಾಗಳಿಗೆ ಇಪ್ಪತ್ತು ವರ್ಷದ ವಾಯಿದೆ

ಸರಕು ಇಳಿಸಿದ ಹಡಗು ಖಾಲಿ ಹೊಟ್ಟೆಯಲ್ಲಿ ಹೊರಟರೆ ಅಲೆಗೆ ವಾಲಾಡುತ್ತದೆ. ಅದಕ್ಕೇ ನಿಂತ ಬಂದರಿನ ನೀರನ್ನೇ ಟ್ಯಾಂಕಿಗೆ ತುಂಬಿಕೊಂಡು, ಮುಂದಿನ ಬಂದರಿನಲ್ಲಿ ಸರಕು ಹೇರುವಾಗ ಹೊರಗೆ ಚೆಲ್ಲುತ್ತದೆ. ಈ ಬ್ಯಾಲಾಸ್ಟ್ ನೀರಿನಲ್ಲೇ 1980ರ ದಶಕದಲ್ಲಿ ಕಪ್ಪು ಸಮುದ್ರದ ಕಡೆಯ ಜೀಬ್ರಾ ಮಸೆಲ್ ಎಂಬ ಪುಟ್ಟ ಚಿಪ್ಪುಜೀವಿ ಲಾರ್ವಾ, ಅಂದರೆ ಮರಿಯ ರೂಪದಲ್ಲಿ, ಉತ್ತರ ಅಮೆರಿಕದ ಮಹಾಸರೋವರಗಳಿಗೆ ಹೋಗಿ ನೀರಿನ ಪೈಪಿನೊಳಗೆ ಸಂಸಾರ ಹೂಡಿತು. ಅಮೆರಿಕದ ಕೋಂಬ್ ಜೆಲ್ಲಿ ಎಂಬ ಲೋಳೆಮೈ ಜೀವಿ ಕಪ್ಪು ಸಮುದ್ರಕ್ಕೆ ಬಂದು ಮೀನಿನ ಮೊಟ್ಟೆ-ಮರಿ ತಿಂದು ಕೊಬ್ಬಿತು. ಕೊಟ್ಟು ತರುವ ಸಂಬಂಧ ಅಂದರೆ ಇದು.

ತಡೆಯಲು 2004ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಒಪ್ಪಂದವಾಯಿತು. ಜಾರಿಗೆ 30 ದೇಶ ಸೇರಬೇಕು, ಜಗತ್ತಿನ ಹಡಗುಗಳ ಒಟ್ಟು ಟನ್ನೇಜಿನಲ್ಲಿ (ಗಾತ್ರದ ಲೆಕ್ಕ) ಶೇ. 35 ಅವರದಾಗಿರಬೇಕು. ಕಡಲೇ ಇಲ್ಲದ ಮಂಗೋಲಿಯಾ, ಸ್ವಿಟ್ಜರ್ಲೆಂಡ್ ಕೂಡ ಸೇರಿದವು. ತಕ್ಕಡಿ 35 ದಾಟಿದ್ದು 2016ರ ಸೆಪ್ಟೆಂಬರ್‌ನಲ್ಲಿ, ಫಿನ್ಲೆಂಡ್ ಬಂದಾಗ. ಜಾರಿ ಅದಾದ ಒಂದು ವರ್ಷಕ್ಕೆ.

ಹಳೆಯ ಹಡಗಿಗೆ ಶುದ್ಧೀಕರಣ ಯಂತ್ರ ಕೂರಿಸುವ ಗಡುವನ್ನು ಗಂಟುಹಾಕಿದ್ದು ತೈಲಮಾಲಿನ್ಯ ತಡೆಯ ಸರ್ಟಿಫಿಕೇಟಿನ ನವೀಕರಣಕ್ಕೆ! ಅದರ ಆಯಸ್ಸು ಐದು ವರ್ಷ. ಜಾಣ ಮಾಲೀಕರು ಅವಧಿ ಮುಗಿಯುವ ಮೊದಲೇ, ಒಪ್ಪಂದ ಜಾರಿಯಾಗುವ ದಿನಕ್ಕೂ ಮುಂಚೆಯೇ, ಓಡಿಹೋಗಿ ನವೀಕರಿಸಿಕೊಂಡರು; ಮುಂದಿನ ನವೀಕರಣದ ಜೊತೆ ಗಡುವೂ ಐದು ವರ್ಷ ಆಚೆ ಹೋಯಿತು. ಇದು ಸಾಲದೆಂದು 2017ರ ಜುಲೈನಲ್ಲಿ ಇನ್ನೆರಡು ವರ್ಷದ ರಿಯಾಯಿತಿ. ಕಡೆಯ ತಾರೀಖು 2024ರ ಸೆಪ್ಟೆಂಬರ್ 8. ಅಲ್ಲಿವರೆಗೆ ದೊಡ್ಡವರಾಗಬೇಡಿ ಎಂದು ಲಾರ್ವಾಗಳಿಗೂ ಸುತ್ತೋಲೆ ಹೋಗಿರಬೇಕು.

ಈಗಿನ ಲೆಕ್ಕ ಹೀಗೆ: ಚೆಲ್ಲುವ ಒಂದು ಘನ ಮೀಟರ್ ನೀರಿನಲ್ಲಿ 50 ಮೈಕ್ರಾನ್ (ಒಂದು ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲು) ಮತ್ತು ಅದಕ್ಕೂ ದೊಡ್ಡ ಜೀವಂತ ಜೀವಿಗಳು ಹತ್ತಕ್ಕಿಂತ ಕಡಿಮೆ ಇರಬೇಕು. ಒಂಬತ್ತಕ್ಕೆ ಅಡ್ಡಿಯಿಲ್ಲ. 50,000 ಘನ ಮೀಟರ್ ಚೆಲ್ಲುವ ಅದಿರು ಹಡಗಿನಿಂದ ನಾಲ್ಕೂವರೆ ಲಕ್ಷ ಜೀವಿಗಳು ಕಾನೂನುಬದ್ಧವಾಗಿ ಇಳಿಯಬಹುದು.

ಒಂದು ಬಗೆಯ ಯಂತ್ರವೆಂದರೆ ಫಿಲ್ಟರ್, ಅದರ ಹಿಂದೆ ಜೀವಿಗಳನ್ನು ಕೊಲ್ಲುವ ಯುವಿ (ನೇರಳಾತೀತ) ದೀಪ. ನದಿಮುಖದ ಕೆಸರು ಬಂದರಿನಲ್ಲಿ ಫಿಲ್ಟರ್ ಬ್ಯಾಕ್‌ವಾಶ್, ಅಂದರೆ ನೀರನ್ನು ಹಿಮ್ಮುಖ ಹಾಯಿಸಿ ತನ್ನನ್ನೇ ತೊಳೆದುಕೊಳ್ಳುವುದು, ಮಾಡಿ ಮಾಡಿ ಏದುಸಿರು ಬಿಡುತ್ತದೆ. ಯುವಿ ಬೆಳಕು ಮಣ್ಣುನೀರನ್ನು ಭೇದಿಸದು. ವಿದ್ಯುತ್ತಿನಿಂದ ಕ್ಲೋರಿನ್ ತೆಗೆಯುವ ಯಂತ್ರವಾದರೆ ಉಪ್ಪು ಬೇಕು, ನದಿನೀರಿನಲ್ಲಿ ಅದಿಲ್ಲ. ಹಡಗು ಕಡಲಿನ ಉಪ್ಪುನೀರನ್ನು ಬೇರೊಂದು ಟ್ಯಾಂಕಿನಲ್ಲಿ ಹೊತ್ತುಕೊಂಡೇ ಬರಬೇಕು. ಇತ್ತ ಕ್ರೇನು ಕಾಯುತ್ತಿದೆ, ತಡವಾದರೆ ದಿನದ ಲೆಕ್ಕದಲ್ಲಿ ದಂಡ. ಕೈ ತಾನಾಗಿ ಬೈಪಾಸ್ ವಾಲ್ವಿಗೆ ಹೋಗುತ್ತದೆ; ನೀರು ಯಂತ್ರ ತಪ್ಪಿಸಿ ನೇರ ಟ್ಯಾಂಕಿಗೆ. ಆ ಪಾಪಕ್ಕೆ ಪ್ರಾಯಶ್ಚಿತ್ತವೂ ಉಂಟು: ದಡದಿಂದ 200 ನಾಟಿಕಲ್ ಮೈಲಿ ಆಚೆ, 200 ಮೀಟರ್ ಆಳವಿದ್ದಲ್ಲಿ, ಟ್ಯಾಂಕಿನ ಮೂರರಷ್ಟು ನೀರು ಹಾಯಿಸಿ ತೊಳೆದು, ಮತ್ತೆ ಯಂತ್ರದಿಂದ ತುಂಬಬೇಕು. ಹಡಗು ದಡದ ಗುಂಟವೇ ಹೋಗುವುದಾದರೆ? ಬ್ಯಾಲಾಸ್ಟ್ ನೀರಿನ ದಾಖಲೆ ಪುಸ್ತಕದಲ್ಲಿ ಕಾರಣ ಬರೆಯಬೇಕು.

ಇನ್‌ಸ್ಪೆಕ್ಟರ್ ಸಾಹೇಬರು ಬಂದವರೇ ಸಾಮಾನ್ಯವಾಗಿ ಮೊದಲು ನೋಡುವುದೂ ಸರ್ಟಿಫಿಕೇಟು ಮತ್ತು ಈ ಪುಸ್ತಕವನ್ನೇ. ಅದನ್ನು ಎರಡು ವರ್ಷ ಹಡಗಿನಲ್ಲಿ, ಆಮೇಲೆ ಮೂರು ವರ್ಷ ಕಂಪನಿಯಲ್ಲಿ ಜೋಪಾನ ಮಾಡಬೇಕು. ಟ್ಯಾಂಕಿನ ತಳದ ಕೆಸರಿನಲ್ಲಿ ಮಲಗಿರುವ ವಿಷಪಾಚಿಯ ಸಿಸ್ಟ್‌ಗಳೂ (ಬೀಜದಂತೆ ನಿದ್ರಿಸುವ ಕೋಶಗಳು) ವರ್ಷಗಟ್ಟಲೆ ಜೋಪಾನವಾಗಿಯೇ ಇರುತ್ತವೆ.